ಮನೆಯ ಪುಟ್ಟ ನಾಯಿ ಕಚ್ಚುತ್ತಿದೆಯೇ? ಬಿಡಿಸುವ ಬಗೆ, ಹಂತ ಹಂತವಾಗಿ

ಮೂರು ಕೆಜಿಯ ಪಾಮೇರಿಯನ್ ಗುರ್ ಎಂದರೆ ಮನೆಮಂದಿಗೆ ನಗು. ಯಾರಾದರೊಬ್ಬರು ಮೊಬೈಲ್ ತೆಗೆದು ವಿಡಿಯೊ ಮಾಡುತ್ತಾರೆ. ಅದೇ ಗುರ್ ಮೂವತ್ತು ಕೆಜಿಯ ಲ್ಯಾಬ್ರಡಾರ್ ಗಂಟಲಿನಿಂದ ಬಂದರೆ ಅದೇ ಮಂದಿ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಲ್ಯಾಬ್‌ಗೆ ಗುರ್ ಎಂದರೆ ಕೆಲಸ ಆಯಿತು. ಪಾಮ್‌ಗೆ ಆಗುವುದಿಲ್ಲ. ಹೇಳಿ ಹೇಳಿ ಸಾಕಾದ ನಾಯಿ ಕೊನೆಗೆ ಹಲ್ಲಿನಿಂದ ಹೇಳುತ್ತದೆ. ಹಲ್ಲು ಊರಿದ ಕೂಡಲೇ ಕೈ ಹಿಂದೆ ಹೋಗುವುದನ್ನು ನೋಡಿ, ಮುಂದಿನ ಸಲ ಪೀಠಿಕೆಯನ್ನೇ ಬಿಟ್ಟುಬಿಡುತ್ತದೆ. ‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂಬ ಗಾದೆಯನ್ನು ನಂಬಿ ಕೈ ಚಾಚಿದವರಿಗೆ ಇದು ಚೆನ್ನಾಗಿ ಗೊತ್ತು.

ಕೆಳಗಿನ ಎಲ್ಲ ಹಂತಗಳ ಹಿಂದೆ ಇರುವುದು ಒಂದೇ ಲೆಕ್ಕ. ನಾಯಿಯ ಸಣ್ಣ ಮಾತಿಗೇ ಬೆಲೆ ಸಿಗಬೇಕು. ಅದಕ್ಕೆ ಭಯವೋ ನೋವೋ ಹುಟ್ಟಿಸುವ ಸಂಗತಿಯ ಬೆನ್ನಿಗೇ ರುಚಿಯಾದದ್ದು ಬರಬೇಕು. ಆಗ ಕಚ್ಚುವ ಅಗತ್ಯ ತಾನಾಗಿ ಕರಗುತ್ತದೆ.

ಈಗಾಗಲೇ ಕಚ್ಚಿದ್ದರೆ

ಗಾಯವನ್ನು ನಲ್ಲಿಯ ಕೆಳಗೆ ಹಿಡಿದು, ಸೋಪು ಹಚ್ಚಿ, 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಏಕೆಂದರೆ ಎರಡು ನಿಮಿಷವಾಗುವಷ್ಟರಲ್ಲಿ ಸಾಕು ಅನ್ನಿಸತೊಡಗುತ್ತದೆ. ಆಮೇಲೆ ಸೋಂಕು ತಡೆಯುವ ಪೊವಿಡೋನ್ ಅಯೋಡಿನ್ ಹಚ್ಚಿ. ಅರಿಸಿನ, ಸುಣ್ಣ, ಕಾಫಿಪುಡಿ, ಖಾರದಪುಡಿ ಯಾವುದೂ ಬೇಡ. ಬಿಗಿಯಾಗಿ ಬಟ್ಟೆ ಕಟ್ಟುವುದೂ ಬೇಡ.

‘ನಮ್ಮ ನಾಯಿಗೆ ಲಸಿಕೆ ಆಗಿದೆ’ ಎಂದು ಮನೆಯಲ್ಲೇ ತೀರ್ಮಾನ ಮಾಡಿಕೊಳ್ಳದೆ ಅವತ್ತೇ ಆಸ್ಪತ್ರೆಗೆ ಹೋಗಿ. ನಾಯಿಯ ಲಸಿಕೆ ಕಾರ್ಡು ಕೈಯಲ್ಲಿರಲಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಚುಚ್ಚುಮದ್ದು ಸ್ನಾಯುವಿಗಾದರೆ 0 (ಅಂದರೆ ಮೊದಲ ಚುಚ್ಚುಮದ್ದಿನ ದಿನ), 3, 7, 14, 28ನೇ ದಿನ. ಚರ್ಮದೊಳಕ್ಕಾದರೆ 0, 3, 7, 28ನೇ ದಿನ. ಹಲ್ಲು ಚರ್ಮ ತೂರಿ ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕಾಗಬಹುದು, ವೈದ್ಯರನ್ನು ಕೇಳಿ. ಟಿಟಿ ಕೊಟ್ಟರೆ ರೇಬೀಸಿನದು ಮುಗಿಯಿತು ಎಂದುಕೊಳ್ಳಬೇಡಿ, ಅವೆರಡೂ ಬೇರೆ ಬೇರೆ. ಮಲ್ಲೇಶ್ವರದ ಕೆ.ಸಿ. ಜನರಲ್, ಜಯನಗರ ಜನರಲ್‌ನಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಲಸಿಕೆ ಉಚಿತ. ಕಚ್ಚಿದ ನಾಯಿಯನ್ನು 10 ದಿನ ಮನೆಯಲ್ಲೇ ಇಟ್ಟುಕೊಂಡು ನೋಡಿ. ಊಟ ಬಿಡುವುದು, ಜೊಲ್ಲು ಸುರಿಸುವುದು, ಸ್ವರ ಬದಲಾಗುವುದು, ತೂರಾಡುವುದು ಕಂಡರೆ ಪಶುವೈದ್ಯರಿಗೂ ನಿಮ್ಮ ವೈದ್ಯರಿಗೂ ಕೂಡಲೇ ತಿಳಿಸಿ.

ಗಾಯದ ಫೋಟೊ ತೆಗೆದಿಡಿ. ನಾಯಿಗಳ ವರ್ತನೆಯ ಪರಿಣತ ಇಯಾನ್ ಡನ್ಬಾರ್ ಕಡಿತವನ್ನು ಆರು ಮಟ್ಟಗಳಲ್ಲಿ ಅಳೆಯುತ್ತಾರೆ. ಹಲ್ಲು ತಾಗದೆ ಗಾಳಿಗೆ ಬಾಯಿ ಹಾಕಿದರೆ ಒಂದು, ತಾಗಿಯೂ ಚರ್ಮ ತೂತಾಗದಿದ್ದರೆ ಎರಡು. ಒಂದೇ ಕಡಿತದಲ್ಲಿ ಒಂದರಿಂದ ನಾಲ್ಕು ತೂತು, ಕೋರೆಹಲ್ಲಿನ ಅರ್ಧದಷ್ಟು ಆಳ ಮೀರದಿದ್ದರೆ ಮೂರು. ಅದಕ್ಕಿಂತ ಆಳ ಹೋಗಿದ್ದರೆ, ಹಿಡಿದು ತಲೆ ಒದರಿದ್ದರೆ ನಾಲ್ಕು. ಒಂದು, ಎರಡರಲ್ಲಿದ್ದರೆ ಮನೆಯಲ್ಲೇ ಕೆಲಸ ಶುರುಮಾಡಬಹುದು. ಮೂರರಲ್ಲಿ ಜಾಣ ಟ್ರೇನರ್ ಜೊತೆಗಿರಬೇಕು. ನಾಲ್ಕಕ್ಕೆ ಹೋಗಿದ್ದರೆ ಈ ಬರಹವನ್ನು ನೋಡಿಕೊಂಡು ಒಬ್ಬರೇ ಪ್ರಯೋಗ ಮಾಡಬೇಡಿ.

ಮೊದಲ ಹಂತ: ನೋವಿದೆಯೇ ನೋಡಿ

ನಿನ್ನೆಯವರೆಗೆ ಮಡಿಲಲ್ಲಿ ಮಲಗುತ್ತಿದ್ದ ನಾಯಿ ಇವತ್ತು ಮುಟ್ಟಿದರೆ ಬಾಯಿ ಹಾಕುತ್ತಿದೆ ಎಂದರೆ ತರಬೇತಿಯ ಮಾತೇ ಬೇಡ, ಡಾಕ್ಟರ್ ಮೇಜಿಗೆ ಹತ್ತಿಸಿ. ಸಣ್ಣ ತಳಿಗಳಿಗೆ ಅವುಗಳದ್ದೇ ಆದ ನೋವುಗಳಿವೆ. ಪುಟ್ಟ ದವಡೆಯಲ್ಲಿ 42 ಹಲ್ಲು ಇಕ್ಕಟ್ಟಾಗಿ ಕೂರುವುದರಿಂದ ಒಸಡಿನ ಕಾಯಿಲೆ ಬೇಗ ಬರುತ್ತದೆ. ಹಾಲುಹಲ್ಲು ಬೀಳದೆ ಅದರ ಪಕ್ಕದಲ್ಲೇ ಹೊಸ ಹಲ್ಲು ಬರುವುದೂ ಉಂಟು. ಬಾಯಿ ವಾಸನೆ, ಒಂದೇ ಕಡೆಯಲ್ಲಿ ಅಗಿಯುವುದು, ಗಲ್ಲ ಮುಟ್ಟಿದರೆ ತಲೆ ಕೊಡವುವುದು ಇದರ ಗುರುತು. ಪಾಮ್, ಚಿವಾವಾಗಳಲ್ಲಿ ಮಂಡಿಚಿಪ್ಪು ಜಾರುತ್ತದೆ: ನಾಲ್ಕು ಹೆಜ್ಜೆ ಓಡಿ, ಐದನೆಯದರಲ್ಲಿ ಹಿಂಗಾಲು ಎತ್ತಿ ಕುಂಟಿ, ಮತ್ತೆ ಏನೂ ಆಗದಂತೆ ಓಡುತ್ತವೆ. ಡ್ಯಾಶ್‌ಹಂಡ್‌ಗೆ ಬೆನ್ನುಹುರಿಯ ತೊಂದರೆ. ಎತ್ತಿಕೊಂಡಾಗ ಕಿರುಚಿ ಕಚ್ಚಿತೆಂದರೆ ಮೊದಲ ಅನುಮಾನ ಅಲ್ಲೇ. ಮಳೆಗಾಲದಲ್ಲಿ ಶಿಟ್ಜು, ಲಾಸಾಗಳ ಜೋಲು ಕಿವಿಯೊಳಗೆ ಶಿಲೀಂಧ್ರ ಬೆಳೆದು, ಕಿವಿಯ ಹತ್ತಿರ ಕೈ ಹೋದರೆ ಸಿಟ್ಟಿಗೇಳುತ್ತವೆ. ಗಂಟುಗಟ್ಟಿದ ಕೂದಲು ಕೂಡ ಇಡೀ ದಿನ ಚರ್ಮ ಎಳೆಯುತ್ತಲೇ ಇರುತ್ತದೆ. ಹತ್ತು ವರ್ಷ ದಾಟಿದ ನಾಯಿಗೆ ಪೊರೆ ಬಂದಿರಬಹುದು, ಕಿವಿ ಮಂದವಾಗಿರಬಹುದು. ನೀವು ಬಂದದ್ದೇ ತಿಳಿಯದೆ ಬೆಚ್ಚಿಬಿದ್ದು ಕಚ್ಚುತ್ತದೆ.

ಡಾಕ್ಟರ ಬಳಿ ‘ಸಿಟ್ಟು ಜಾಸ್ತಿಯಾಗಿದೆ’ ಎಂದಷ್ಟೇ ಹೇಳಿದರೆ ಒಂದು ಇಂಜೆಕ್ಷನ್‌ನಲ್ಲಿ ಮುಗಿಯುತ್ತದೆ. ಬಾಯಿ, ಕಿವಿ, ಮಂಡಿ, ಬೆನ್ನು, ಗುದದ ಗ್ರಂಥಿ ನೋಡಿ ಎಂದು ಹೆಸರು ಹಿಡಿದು ಕೇಳಿ. ನಡೆಯುವ, ಮೆಟ್ಟಿಲು ಹತ್ತುವ ಅರ್ಧ ನಿಮಿಷದ ವಿಡಿಯೊ ತೆಗೆದುಕೊಂಡು ಹೋಗಿ, ಏಕೆಂದರೆ ಕ್ಲಿನಿಕ್ಕಿನಲ್ಲಿ ಗಾಬರಿಯಾದ ನಾಯಿ ಕುಂಟುವುದಿಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೂ ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆಯಲ್ಲೂ ತೋರಿಸಬಹುದು. ಆದರೆ ಅಲ್ಲಿ ಸರತಿ ಇರುತ್ತದೆ, ಬೇರೆ ನಾಯಿಗಳೂ ಇರುತ್ತವೆ. ನಿಮ್ಮ ಸರದಿ ಬರುವವರೆಗೆ ನಾಯಿಯನ್ನು ಕಾರಿನಲ್ಲೋ ಆಟೊದಲ್ಲೋ ಒಬ್ಬರು ಇಟ್ಟುಕೊಂಡಿರಿ. ನೋವಿಗೆಂದು ಮನೆಯ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಲೇಬೇಡಿ. ನಾಯಿಗೆ ಅವು ವಿಷವಾಗಬಲ್ಲವು.

ಕಚ್ಚುವ ಮುಂಚಿನ ಐದು ಸೆಕೆಂಡ್

ಸಂಜೆ ಏಳು ಗಂಟೆ. ಸೋಫಾದ ಮೂಲೆಯಲ್ಲಿ ಶಿಟ್ಜು ಮಲಗಿದೆ, ಗಲ್ಲ ದಿಂಬಿನ ಮೇಲೆ. ಧಾರಾವಾಹಿ ನೋಡಲು ಬಂದ ಅಜ್ಜಿ ‘ಸರಿಯೋ ಚಿನ್ನೂ’ ಎನ್ನುತ್ತಾ ಕೈ ಚಾಚುತ್ತಾರೆ. ಆಡುತ್ತಿದ್ದ ಬಾಲ ನಿಲ್ಲುತ್ತದೆ. ನಾಯಿ ಮುಖ ಗೋಡೆಯ ಕಡೆ ತಿರುಗಿಸಿ, ಮೂಗನ್ನೊಮ್ಮೆ ನೆಕ್ಕಿಕೊಳ್ಳುತ್ತದೆ. ಕೈ ಇನ್ನೂ ಹತ್ತಿರ ಬರುತ್ತದೆ. ಈಗ ಮುಖ ಗೋಡೆಯ ಕಡೆಗೇ ಇದೆ, ಕಣ್ಣು ಮಾತ್ರ ಓರೆಯಾಗಿ ಅಜ್ಜಿಯ ಕೈ ಮೇಲೆ; ಬಿಳಿಗುಡ್ಡೆ ಅರ್ಧಚಂದ್ರದಂತೆ ಕಾಣುತ್ತದೆ. ಮೈ ಬಿಗಿಯಾಗುತ್ತದೆ, ಬಾಯಿ ಮುಚ್ಚಿಕೊಳ್ಳುತ್ತದೆ, ಉಸಿರು ನಿಂತಂತಾಗುತ್ತದೆ. ಅಜ್ಜಿ ಹೊಟ್ಟೆಯ ಕೆಳಗೆ ಕೈ ತೂರಿಸುತ್ತಾರೆ. ಒಂದು ಗುರ್, ಅದರ ಬೆನ್ನಿಗೇ ಹಲ್ಲು. ಮನೆಯವರೆಲ್ಲ ಹೇಳುವುದು: ‘ಸುಮ್ಮನೆ ಮಲಗಿತ್ತು, ಇದ್ದಕ್ಕಿದ್ದಂತೆ ಕಚ್ಚಿತು.’

ಇದ್ದಕ್ಕಿದ್ದಂತೆ ಆದದ್ದೇನೂ ಇಲ್ಲ, ನಾಯಿ ಐದು ಸಲ ಬೇಡ ಎಂದಿತ್ತು. ಆದರೆ ಸಣ್ಣ ತಳಿಗಳ ಮಾತು ಕಾಣುವುದು ನಿಜಕ್ಕೂ ಕಷ್ಟ. ಶಿಟ್ಜುವಿನ ಕಣ್ಣು ಕೂದಲ ಹಿಂದೆ ಅಡಗಿರುತ್ತದೆ. ಪಾಮ್‌ನ ಮೈಕೂದಲು ಸದಾ ನಿಮಿರಿಯೇ ಇರುವುದರಿಂದ ರೋಮ ನಿಮಿರಿದ್ದು ತಿಳಿಯುವುದಿಲ್ಲ. ಪಗ್‌ನ ಮುಖದಲ್ಲಿ ಮೂಗಿನ ಸುಕ್ಕು ಹುಟ್ಟಿನಿಂದಲೇ ಇದೆ, ಬಾಲ ಸುರುಳಿ. ಹೀಗಾಗಿ ಇವುಗಳಲ್ಲಿ ನೋಡಬೇಕಾದದ್ದು ಎರಡು: ಮೈ ಹೆಪ್ಪುಗಟ್ಟಿದಂತೆ ನಿಲ್ಲುವುದು, ತೆರೆದಿದ್ದ ಬಾಯಿ ಮುಚ್ಚಿಕೊಳ್ಳುವುದು. ಕಣ್ಣಿನ ಮೇಲಿನ ಕೂದಲು ಕತ್ತರಿಸಿಯೋ ಜುಟ್ಟು ಕಟ್ಟಿಯೋ ಕಣ್ಣು ಕಾಣುವಂತೆ ಮಾಡಿದರೆ ನಾಯಿಗೆ ನೀವು ಕಾಣುತ್ತೀರಿ, ನಿಮಗೆ ನಾಯಿ ಕಾಣುತ್ತದೆ. ಇಷ್ಟರಿಂದಲೇ ಬೆಚ್ಚಿಬೀಳುವುದು ಕಡಿಮೆಯಾಗುತ್ತದೆ.

ಗುರ್ ಎಂದಾಗ ಮಾಡಬೇಕಾದದ್ದು: ಕೈ ಹಿಂದೆ ತೆಗೆಯಿರಿ, ದೃಷ್ಟಿ ಬೇರೆಡೆ ಹಾಯಿಸಿ, ಒಂದು ಹೆಜ್ಜೆ ಸರಿಯಿರಿ. ‘ಅದಕ್ಕೆ ಸೋತಂತಾಗುವುದಿಲ್ಲವೇ’ ಎಂದು ಕೇಳುವವರಿದ್ದಾರೆ. ಗುರ್ ಎನ್ನುವುದಕ್ಕೆ ಬೈದರೆ ನಾಯಿ ಗುರ್ ಎನ್ನುವುದನ್ನು ಬಿಡುತ್ತದೆ, ಕಚ್ಚುವುದನ್ನು ಬಿಡುವುದಿಲ್ಲ. ಸದ್ದಿಲ್ಲದೆ ಕಚ್ಚುವ ನಾಯಿಗಳು ಬಹಳಷ್ಟು ತಯಾರಾಗುವುದು ಹೀಗೆಯೇ.

ಎರಡನೇ ಹಂತ: ಲೆಕ್ಕದ ಪುಸ್ತಕ

ಎರಡು ವಾರ ಒಂದು ನೋಟ್‌ಬುಕ್ ಫ್ರಿಜ್ ಮೇಲೆ ಇಡಿ. ಗುರ್ ಎಂದ, ಬಾಯಿ ಹಾಕಿದ, ಕಚ್ಚಿದ ಪ್ರತಿ ಸಲವೂ ಐದು ವಿಷಯ ಬರೆಯಿರಿ: ಎಷ್ಟು ಹೊತ್ತಿಗೆ, ಎಲ್ಲಿ, ಯಾರ ಮೇಲೆ, ಅದಕ್ಕೆ ಸ್ವಲ್ಪ ಮುಂಚೆ ಏನಾಯಿತು, ಆಮೇಲೆ ನೀವು ಏನು ಮಾಡಿದಿರಿ. ಮನೆಕೆಲಸದವರಿಗೂ ಕೇಳಿ. ಅವರು ಪೊರಕೆ ಹಿಡಿದು ಮಂಚದ ಕೆಳಗೆ ಬಗ್ಗುವವರು. ನಿಮಗೆ ಗೊತ್ತಿಲ್ಲದ ಎರಡು ಗುರ್ ಅವರ ಬಳಿ ಇರುತ್ತವೆ.

ಎರಡು ವಾರದ ಕೊನೆಗೆ ಪುಟ ತಿರುವಿದರೆ ‘ಎಲ್ಲರನ್ನೂ ಕಚ್ಚುತ್ತದೆ’ ಎಂಬ ನಾಯಿ ನಿಜವಾಗಿ ಎರಡು ಮೂರು ಸಂದರ್ಭಗಳಲ್ಲಷ್ಟೇ ಕಚ್ಚುತ್ತಿರುವುದು ಗೊತ್ತಾಗುತ್ತದೆ. ಮಲಗಿದ್ದಾಗ ಎತ್ತುವುದು, ಬಟ್ಟಲ ಹತ್ತಿರ ಹೋಗುವುದು, ಕಾಲಿಂಗ್ ಬೆಲ್, ಉಗುರು ಕತ್ತರಿಸುವುದು, ಲಿಫ್ಟು: ಬಹುತೇಕ ಇವುಗಳಲ್ಲೇ. ಒಂದನ್ನು ಆರಿಸಿಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ಹಿಡಿದರೆ ಯಾವುದೂ ದಡ ಸೇರುವುದಿಲ್ಲ.

ಮೂರನೇ ಹಂತ: ಕಚ್ಚಲು ಅವಕಾಶವೇ ಸಿಗದ ಮನೆ

ಪಾಠ ಶುರುವಾಗುವ ಮೊದಲು ಕಚ್ಚುವ ಅಭ್ಯಾಸ ನಿಲ್ಲಬೇಕು. ಒಂದೊಂದು ಕಡಿತವೂ ನಾಯಿಯ ಪಾಲಿಗೆ ಗೆದ್ದ ಆಟ. ಒಂದು ಕೋಣೆಯ ಬಾಗಿಲಿಗೆ ಮಕ್ಕಳ ಸೇಫ್ಟಿ ಗೇಟ್ ಹಾಕಿಸಿ. ಅದರ ಕಂಬಿಗಳ ನಡುವೆ ಚಿವಾವಾ ತೂರಬಲ್ಲದು, ಆದ್ದರಿಂದ ಕೆಳಗಿನ ಒಂದೂವರೆ ಅಡಿಗೆ ಬಲೆ ಕಟ್ಟಿ. ಮನೆಯಲ್ಲಿ ಯಾರಾದರೂ ಇರುವಾಗ ಮಾತ್ರ, ಹಾರ್ನೆಸ್‌ಗೆ (ಎದೆಗೆ ಸುತ್ತುವ ಪಟ್ಟಿ) ಐದಡಿಯ ಹಗುರ ದಾರವೊಂದನ್ನು ಸಿಕ್ಕಿಸಿ ನೆಲದ ಮೇಲೆ ಎಳೆಯಲು ಬಿಡಿ. ತುದಿಯಲ್ಲಿ ಕುಣಿಕೆ ಬೇಡ, ಕುರ್ಚಿ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಸೋಫಾದಿಂದ ಇಳಿಸಬೇಕಾದಾಗ ಕೈ ಹಾಕದೆ ದಾರದ ತುದಿ ಹಿಡಿದು ನಡೆದರೆ ಆಯಿತು. ಕುತ್ತಿಗೆ ಬೆಲ್ಟಿಗೆ ದಾರ ಕಟ್ಟಬೇಡಿ, ಪಾಮ್‌ನಂಥವುಗಳ ಶ್ವಾಸನಾಳ ಮೆದು.

ಮಲಗುವ ಜಾಗ ಯಾರೂ ಮುಟ್ಟದ ಜಾಗವಾಗಲಿ. ಅಲ್ಲಿರುವಾಗ ಎತ್ತುವುದಿಲ್ಲ, ಮುದ್ದಾಡುವುದಿಲ್ಲ, ಬೇಕಿದ್ದರೆ ದೂರದಿಂದ ಹೆಸರು ಹಿಡಿದು ಕರೆಯುವುದು. ಎಂಟು ವರ್ಷದೊಳಗಿನ ಮಕ್ಕಳಿದ್ದರೆ ಮಗು ಮತ್ತು ನಾಯಿ ದೊಡ್ಡವರಿಲ್ಲದ ಕೋಣೆಯಲ್ಲಿ ಒಂದು ನಿಮಿಷವೂ ಜೊತೆಗಿರಕೂಡದು. ಬಚ್ಚಲಿಗೆ ಹೋಗುವಾಗ ಇಬ್ಬರಲ್ಲಿ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಅಷ್ಟೇ.

ನಾಲ್ಕನೇ ಹಂತ: ಪಾಠ

ತಿನಿಸಿನ ಲೆಕ್ಕ ಮೊದಲು. ಐದು ಕೆಜಿಯ ನಾಯಿಗೆ ದಿನಕ್ಕೆ ಬೇಕಾದದ್ದು ಸುಮಾರು 350 ಕ್ಯಾಲರಿ. ಅದರ ಹತ್ತನೇ ಒಂದು ಪಾಲು ತಿನಿಸಿಗೆ. ಅಂದರೆ ಬೇಯಿಸಿದ ಚಿಕನ್ ಎದೆಮಾಂಸವಾದರೆ 20 ಗ್ರಾಂ, ಪನೀರಾದರೆ 10ರಿಂದ 12 ಗ್ರಾಂ. ಉಪ್ಪು, ಮಸಾಲೆ, ಈರುಳ್ಳಿ ಸೋಕಿರಬಾರದು. ಹೆಸರುಕಾಳಿನಷ್ಟು ಚೂರು ಮಾಡಿದರೆ 20 ಗ್ರಾಂನಲ್ಲಿ ನೂರಕ್ಕೂ ಹೆಚ್ಚು ಚೂರಾಗುತ್ತವೆ. ದೊಡ್ಡ ತುಂಡು ಕೊಟ್ಟರೆ ಅಗಿಯುವುದರಲ್ಲೇ ಸಮಯ ಹೋಗಿ ಯಾವುದಕ್ಕೆ ಸಿಕ್ಕಿತೆಂಬುದೇ ಅದಕ್ಕೆ ಮರೆಯುತ್ತದೆ. ಈ ತಿನಿಸು ಪಾಠದ ಹೊರತು ಬೇರೆ ಹೊತ್ತಿನಲ್ಲಿ ಸಿಗಕೂಡದು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಯಾವತ್ತೂ ಬೇಡ; ಪಾಯಸದಿಂದ ಆರಿಸಿಕೊಟ್ಟ ದ್ರಾಕ್ಷಿಯೂ ಅದರಲ್ಲಿ ಸೇರಿದೆ.

ಪಾಠ ಒಂದು ಸಲಕ್ಕೆ ಮೂರರಿಂದ ಐದು ನಿಮಿಷ, ದಿನಕ್ಕೆ ಎರಡು ಸಲ.

*ಎತ್ತಿಕೊಳ್ಳುವುದು.* ಸಣ್ಣ ನಾಯಿಯ ಬದುಕಿನ ದೊಡ್ಡ ಸಂಕಟ ಇದು: ಕೇಳದೆ ಆಕಾಶಕ್ಕೆ ಏರಿಸುತ್ತಾರೆ. ಅದಕ್ಕೊಂದು ಮಾತು ಕೊಡೋಣ.

1. ನಾಯಿ ನೆಲದ ಮೇಲೆ ನಿಂತಿರಲಿ. ಎದುರಿಗೆ ಬಗ್ಗದೆ ಪಕ್ಕದಲ್ಲಿ ಕುಳಿತು ‘ಎತ್ಲಾ?’ ಎನ್ನಿ, ಒಂದು ಚೂರು ಕೊಡಿ. ಕೈ ತಾಗಿಸಬೇಡಿ. ಹತ್ತು ಸಲ. ಎರಡು ದಿನ ಇಷ್ಟೇ.
2. ‘ಎತ್ಲಾ?’ ಎಂದು, ಒಂದು ಗೇಣು ದೂರಕ್ಕೆ ಕೈ ತಂದು, ಚೂರು ಕೊಡಿ, ಕೈ ತೆಗೆಯಿರಿ.
3. ‘ಎತ್ಲಾ?’ ಎಂದು ಎದೆಯ ಪಕ್ಕಕ್ಕೆ ಒಂದು ಸೆಕೆಂಡ್ ಕೈ ತಾಗಿಸಿ, ಚೂರು.
4. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ. ಕಾಲು ನೆಲ ಬಿಡದ ಹಾಗೆ ಭಾರ ಮಾತ್ರ ತೆಗೆದುಕೊಳ್ಳಿ. ಚೂರು.
5. ಒಂದು ಇಂಚು ಎತ್ತಿ ಕೂಡಲೇ ಇಳಿಸಿ. ಚೂರು.
6. ಎತ್ತಿ ಮೈಗೆ ಆನಿಸಿಕೊಂಡು ಮೂರು ಸೆಕೆಂಡ್, ಇಳಿಸುವಾಗ ನಾಲ್ಕೂ ಕಾಲು ನೆಲ ಮುಟ್ಟಿದ ಮೇಲೆ ಕೈ ಬಿಡಿ.

ಒಂದೊಂದು ಮೆಟ್ಟಿಲಿಗೂ ಎರಡು ಮೂರು ದಿನ ಕೊಟ್ಟರೆ ಒಟ್ಟು ಎರಡೂವರೆ ವಾರ. ‘ಎತ್ಲಾ?’ ಎಂದಾಗ ನಾಯಿ ಮುಖ ತಿರುಗಿಸಿದರೆ ಎತ್ತಬೇಡಿ. ಆ ಉತ್ತರಕ್ಕೆ ಬೆಲೆ ಕೊಟ್ಟಷ್ಟೂ ಅದು ಹಲ್ಲು ಬಳಸುವುದು ಕಡಿಮೆ. ಮುಂಗಾಲು ಹಿಡಿದು, ಕಂಕುಳಿಗೆ ಕೈ ಕೊಟ್ಟು ತೂಗಾಡಿಸುತ್ತಾ ಎತ್ತುವುದು ಯಾವ ನಾಯಿಗೂ ಬೇಡ, ಡ್ಯಾಶ್‌ಹಂಡ್‌ಗಂತೂ ಬೇಡವೇ ಬೇಡ.

ಇಲ್ಲಿ ಸಾಮಾನ್ಯವಾಗಿ ಕೆಡುವುದು ಕ್ರಮ. ಮೊದಲು ಮಾತು, ಆಮೇಲೆ ಕೈ, ಕೊನೆಗೆ ತಿನಿಸು. ಮೊದಲೇ ತಿನಿಸು ತೋರಿಸಿ ನಾಯಿ ತಿನ್ನುತ್ತಿರುವಾಗ ಗಬಕ್ಕನೆ ಎತ್ತಿದರೆ, ಚಿಕನ್ ಬಂತೆಂದರೆ ಕೈ ಬರುತ್ತದೆ ಎಂದು ಕಲಿತು ಅದು ಚಿಕನ್ನನ್ನೇ ಅನುಮಾನಿಸತೊಡಗುತ್ತದೆ. ಉಗುರು ಕತ್ತರಿಸುವುದು, ಕಿವಿ ಒರೆಸುವುದು, ಬಾಚುವುದು, ಹಾರ್ನೆಸ್ ಹಾಕುವುದು ಎಲ್ಲಕ್ಕೂ ಇದೇ ಮೆಟ್ಟಿಲು. ಉಗುರಿನದ್ದಾದರೆ ಒಂದು ದಿನಕ್ಕೆ ಒಂದೇ ಉಗುರು ಸಾಕು.

*ಬಟ್ಟಲು, ಆಟಿಕೆ ಕಾಯುವುದು.* ‘ಮರಿಯಿಂದಲೇ ಬಟ್ಟಲೊಳಗೆ ಕೈ ಹಾಕಿ ಅಭ್ಯಾಸ ಮಾಡಿಸಬೇಕು’ ಎಂಬ ಸಲಹೆ ಊರೆಲ್ಲ ಇದೆ. ನೀವು ಊಟಕ್ಕೆ ಕುಳಿತಾಗ ಯಾರೋ ದಿನವೂ ಎಲೆಗೆ ಕೈ ಹಾಕಿದರೆ ನಿಮಗೇನಾಗುತ್ತದೋ ನಾಯಿಗೂ ಅದೇ ಆಗುತ್ತದೆ. ಬದಲಿಗೆ, ನಾಯಿ ಆರಾಮಾಗಿ ತಿನ್ನುತ್ತಲೇ ಇರುವಷ್ಟು ದೂರ ಹುಡುಕಿ. ಆರು ಅಡಿ ಎಂದಿಟ್ಟುಕೊಳ್ಳಿ. ಆ ಗೆರೆಯಲ್ಲಿ ಹಾದುಹೋಗುತ್ತಾ ಒಂದು ಚೂರು ಚಿಕನ್ ಬಟ್ಟಲ ಬಳಿಗೆ ಎಸೆದು, ನಿಲ್ಲದೆ ಮುಂದೆ ಹೋಗಿ. ಒಂದು ಊಟಕ್ಕೆ ನಾಲ್ಕೈದು ಸಲ. ನಿಮ್ಮ ಹೆಜ್ಜೆ ಸಪ್ಪಳಕ್ಕೆ ತಲೆ ಎತ್ತಿ ಬಾಲ ಆಡಿಸತೊಡಗಿದ ಮೇಲೆ ಅರ್ಧ ಅಡಿ ಹತ್ತಿರ. ಗಬಗಬನೆ ತಿನ್ನುವುದು, ಬಟ್ಟಲ ಮೇಲೆ ಬಾಗಿ ಮೈ ಬಿಗಿ ಮಾಡುವುದು ಕಂಡರೆ ಹತ್ತಿರವಾಯಿತು ಎಂದರ್ಥ, ಒಂದಡಿ ಹಿಂದೆ ಹೋಗಿ.

ಕಾಲುಚೀಲ ಕದ್ದು ಮಂಚದ ಕೆಳಗೆ ಸೇರಿದರೆ? ಅಪಾಯವಿಲ್ಲದ ವಸ್ತುವಾದರೆ ಬಿಟ್ಟುಬಿಡಿ. ತೆಗೆಯಲೇಬೇಕಾದರೆ ಪಕ್ಕದ ಕೋಣೆಯಲ್ಲಿ ಐದಾರು ಚೂರು ಚೆಲ್ಲಿ, ಅದು ಅತ್ತ ಓಡಿದ ಮೇಲೆ ಬಾಗಿಲು ಮುಚ್ಚಿ ಎತ್ತಿಕೊಳ್ಳಿ. ಮಂಚದ ಕೆಳಗೆ ಕೈ ತೂರಿಸುವುದು, ಪೊರಕೆಯಿಂದ ಎಳೆಯುವುದು ಕಚ್ಚಿಸಿಕೊಳ್ಳುವ ಖಾತ್ರಿ ದಾರಿ.

*ಕಾಲಿಂಗ್ ಬೆಲ್, ಬಂದವರು.* ಬೆಂಗಳೂರಿನ ಮನೆಯೊಂದರಲ್ಲಿ ದಿನಕ್ಕೆ ಹಾಲು, ಪಾರ್ಸಲ್, ಊಟದ ಡೆಲಿವರಿ, ಇಸ್ತ್ರಿಯವರು, ಸಿಲಿಂಡರಿನವರು ಎಂದು ಎಂಟು ಹತ್ತು ಸಲ ಬೆಲ್ ಆಗುತ್ತದೆ. ನಾಯಿಯ ಕಣ್ಣಲ್ಲಿ ಅದರ ಕಥೆ ಹೀಗೆ: ಬಂದರು, ನಾನು ಬೊಗಳಿದೆ, ಹೊರಟುಹೋದರು. ದಿನಕ್ಕೆ ಹತ್ತು ಗೆಲುವು. ನಿಮ್ಮ ಬೆಲ್ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಕೇಳಿಯೂ ಕೇಳದಂತಿರುವ ಧ್ವನಿಯಲ್ಲಿ ಹಾಕಿ. ಸದ್ದಾದ ಮೇಲೆ ಬಾಗಿಲಿನಿಂದ ಎಂಟು ಅಡಿ ದೂರದ ಚಾಪೆಯ ಮೇಲೆ ಚೂರು ಬೀಳಿಸಿ. ದಿನಕ್ಕೆ ಹತ್ತು ಸಲ, ಎರಡು ದಿನಕ್ಕೊಮ್ಮೆ ಧ್ವನಿ ಸ್ವಲ್ಪ ಏರಲಿ. ಬೆಲ್ ಆದ ಕೂಡಲೇ ನಾಯಿ ಚಾಪೆಯತ್ತ ನೋಡತೊಡಗಿದರೆ ಅರ್ಧ ಗೆದ್ದಿರಿ. ಅಷ್ಟರವರೆಗೆ ಪಾರ್ಸಲ್‌ಗಳಿಗೆ ‘ಬೆಲ್ ಬೇಡ, ಸೆಕ್ಯುರಿಟಿ ಬಳಿ ಇಡಿ’ ಎಂದು ಸೂಚನೆ ಹಾಕಿಡಿ.

ನೆಂಟರು ಬಂದರೆ ನಾಯಿ ಗೇಟಿನ ಹಿಂದಿನ ಕೋಣೆಯಲ್ಲಿರಲಿ, ನೆಕ್ಕಲು ತಟ್ಟೆಗೆ ಒಂದು ಚಮಚ ಮೊಸರು ಸವರಿಡಿ. ಬಂದವರು ಕುಳಿತು, ಮಾತು ಶುರುವಾಗಿ, ಹತ್ತು ನಿಮಿಷ ಕಳೆದ ಮೇಲೆ ದಾರ ಹಿಡಿದು ಕರೆತನ್ನಿ. ಅವರು ನೋಡಬಾರದು, ಬಗ್ಗಬಾರದು, ‘ನಂಗೆ ನಾಯಿ ಅಂದ್ರೆ ಪ್ರಾಣ, ನನ್ನ ಏನೂ ಮಾಡಲ್ಲ’ ಎನ್ನುತ್ತಾ ಕೈ ಚಾಚಬಾರದು. ಕಚ್ಚಿಸಿಕೊಳ್ಳುವವರು ಹೆಚ್ಚಾಗಿ ಈ ಪ್ರಾಣಸ್ನೇಹಿತರೇ. ಬಂದವರ ಕೈಯಿಂದಲೇ ಬಿಸ್ಕತ್ತು ತಿನ್ನಿಸುವುದೂ ತಪ್ಪು: ಆಸೆಗೆ ಹತ್ತಿರ ಹೋದ ನಾಯಿ, ತುಂಡು ಮುಗಿದ ಮೇಲೆ ಅಪರಿಚಿತರಿಗೆ ಇಷ್ಟು ಹತ್ತಿರ ನಿಂತಿದ್ದೇನಲ್ಲ ಎಂದು ದಿಗಿಲಾಗಿ ಬಾಯಿ ಹಾಕುತ್ತದೆ. ತಿನಿಸನ್ನು ನಾಯಿಯ ಬೆನ್ನ ಹಿಂದಕ್ಕೆ ಎಸೆಯಲು ಹೇಳಿ. ತಿನ್ನಲು ದೂರ ಹೋಗುತ್ತದೆ, ಬರುವುದೋ ಬೇಡವೋ ಎಂಬುದು ಅದರ ಇಷ್ಟ.

*ಲಿಫ್ಟು, ಬೀದಿ.* ನಾಲ್ಕು ಅಡಿ ಚೌಕದ ಪೆಟ್ಟಿಗೆಯಲ್ಲಿ ಅಪರಿಚಿತ ಕಾಲುಗಳ ನಡುವೆ ನಿಲ್ಲುವುದು ಸಣ್ಣ ನಾಯಿಗೆ ಸುಲಭವಲ್ಲ. ಖಾಲಿ ಲಿಫ್ಟಿಗೆ ಕಾಯಿರಿ. ಮೂಲೆಯಲ್ಲಿ ನಿಮ್ಮ ಕಾಲು ಅಡ್ಡ ಬರುವಂತೆ ನಿಂತು, ನೆಲಮಹಡಿ ಬರುವವರೆಗೂ ಎರಡು ಸೆಕೆಂಡಿಗೊಂದು ಚೂರು ಕೊಡುತ್ತಿರಿ. ನಡುವೆ ಯಾರಾದರೂ ಹತ್ತಲು ಬಂದರೆ ‘ದಯವಿಟ್ಟು ಮುಂದಿನದರಲ್ಲಿ ಬರ್ತೀರಾ, ಇದಕ್ಕೆ ಭಯ’ ಎಂದು ಹೇಳಲು ಸಂಕೋಚ ಬೇಡ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿಯಂತೆ ಅಪಾರ್ಟ್‌ಮೆಂಟಿನ ಅಸೋಸಿಯೇಷನ್‌ನವರು ನಾಯಿ ಸಾಕುವುದನ್ನಾಗಲಿ ಲಿಫ್ಟ್ ಬಳಸುವುದನ್ನಾಗಲಿ ನಿಷೇಧಿಸುವಂತಿಲ್ಲ. ಆದರೆ ಹಕ್ಕಿದೆ ಎಂದು ಎಂಟು ಜನರ ನಡುವೆ ನುಗ್ಗಿದರೆ ಕೊನೆಗೆ ಬೆಲೆ ತೆರುವುದು ನಾಯಿಯೇ.

ಬೀದಿನಾಯಿಗಳು ಎದುರಾದಾಗ ಇನ್ನೊಂದು ಬಗೆಯ ಕಡಿತ ಆಗುತ್ತದೆ. ನಿಮ್ಮ ಪಾಮ್ ಅವುಗಳ ಮೇಲೆ ಬೊಗಳಿ ರೇಗಿರುವಾಗ ನೀವು ಹಿಂದಿನಿಂದ ಎಳೆದು ಎತ್ತುತ್ತೀರಿ, ಆ ಸಿಟ್ಟು ನಿಮ್ಮ ಕೈ ಮೇಲೆ ತಿರುಗುತ್ತದೆ. ಜೇಬಿನಲ್ಲಿ ಒಂದು ಹಿಡಿ ಒಣ ಆಹಾರ ಇಟ್ಟುಕೊಳ್ಳಿ. ದೂರದಲ್ಲಿರುವಾಗಲೇ ಬೀದಿನಾಯಿಗಳತ್ತ ಎಸೆದು ತಿರುಗಿ ನಡೆಯಿರಿ. ಹತ್ತಿರ ಬಂದರೆ ಛತ್ರಿ ಬಿಚ್ಚಿ ಅಡ್ಡ ಹಿಡಿಯಿರಿ. ಎತ್ತಲೇಬೇಕಾದರೆ ಮನೆಯಲ್ಲಿ ಕಲಿಸಿದ ‘ಎತ್ಲಾ?’ ಇಲ್ಲಿ ಕೈ ಹಿಡಿಯುತ್ತದೆ. ಕಬ್ಬನ್ ಪಾರ್ಕಿಗೆ ಭಾನುವಾರ ಕರೆದೊಯ್ದು ‘ಬೆರೆಯಲು ಕಲಿಸುವುದು’ ಈ ಹಂತದಲ್ಲಿ ಬೇಡ.

ಮಜಲ್

ಉಳುವ ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆಯಂತೆ ನಾಯಿಯ ಮೂತಿಗೆ ಹಾಕುವ ಮಜಲ್ ಕೂಡ ಒಂದು ಸಲಕರಣೆ, ಶಿಕ್ಷೆಯಲ್ಲ. ಬುಟ್ಟಿಯಂಥದ್ದನ್ನೇ ಕೊಳ್ಳಿ. ಒಳಗೆ ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು, ಕಂಬಿಯ ಸಂದಿನಿಂದ ತಿನಿಸು ತಿನ್ನಲು ಆಗಬೇಕು. ಬಟ್ಟೆಯ ಕೊಳವೆಯಂಥದ್ದು ಬಾಯಿ ಬಿಗಿಯುತ್ತದೆ. ನಾಯಿ ಮೈ ತಂಪು ಮಾಡಿಕೊಳ್ಳುವುದು ಏದುಸಿರಿನಿಂದ, ಆದ್ದರಿಂದ ಅದು ಕ್ಲಿನಿಕ್ಕಿನ ಒಂದೆರಡು ನಿಮಿಷಕ್ಕಷ್ಟೇ. ಪಗ್, ಶಿಟ್ಜುಗಳಿಗೆ ಚಪ್ಪಟೆ ಮುಖಕ್ಕೆಂದೇ ಹೊಲಿದ ಜಾಲರಿ ಸಿಗುತ್ತದೆ, ಏಪ್ರಿಲ್ ಬಿಸಿಲಲ್ಲಿ ಅದೂ ಬೇಡ. ಮೊದಲ ವಾರ ಮಜಲ್‌ನ ತಳದಲ್ಲಿ ಪನೀರ್ ಅಂಟಿಸಿ ನೀವು ಕೈಯಲ್ಲಿ ಹಿಡಿದುಕೊಳ್ಳಿ, ನಾಯಿ ತಾನಾಗಿ ಮೂತಿ ತೂರಿಸಲಿ. ಎರಡನೇ ವಾರ ಪಟ್ಟಿ ಹಿಂದಕ್ಕೆ ಹಾಕಿ ಎರಡು ಸೆಕೆಂಡ್, ಐದು, ಹತ್ತು. ಮೂರನೇ ವಾರ ಹಾಕಿಕೊಂಡೇ ಕೋಣೆಯೊಳಗೆ ಓಡಾಟ. ಮೊದಲ ದಿನವೇ ಬಿಗಿದು ಕಟ್ಟಿದರೆ ಮಜಲ್ ಕಂಡಾಗಲೆಲ್ಲ ಕಚ್ಚುವ ನಾಯಿ ನಿಮ್ಮದಾಗುತ್ತದೆ.

ಮರಿಯ ಮಾತು ಬೇರೆ

ಎರಡರಿಂದ ಆರು ತಿಂಗಳ ಮರಿ ಕಚ್ಚುವುದು ಆಕ್ರಮಣವಲ್ಲ. ನಾಲ್ಕರಿಂದ ಆರನೇ ತಿಂಗಳಲ್ಲಿ 28 ಹಾಲುಹಲ್ಲು ಬಿದ್ದು ಹೊಸವು ಬರುತ್ತವೆ, ಒಸಡು ತುರಿಸುತ್ತದೆ. ಒದ್ದೆ ಬಟ್ಟೆ ಹಿಂಡಿ ಗಂಟು ಹಾಕಿ ಫ್ರೀಜರಿನಲ್ಲಿಟ್ಟು ಕೊಡಿ. ಹಲ್ಲು ಜೋರಾಗಿ ತಾಗಿದ ಕೂಡಲೇ ಮಾತಿಲ್ಲದೆ ಎದ್ದು ಅರ್ಧ ನಿಮಿಷ ಗೇಟಿನಾಚೆ ಹೋಗಿ. ‘ಆಯ್’ ಎಂದು ಕಿರುಚಿದರೆ ಕೆಲವು ಮರಿಗಳಿಗೆ ಇನ್ನಷ್ಟು ಹುಮ್ಮಸ್ಸು. ಸಂಜೆ ಹುಚ್ಚೆದ್ದಂತೆ ಕಚ್ಚುವ ಮರಿಗೆ ಬೇಕಾದದ್ದು ನಿದ್ದೆ, ದಿನಕ್ಕೆ 18 ಗಂಟೆಯಷ್ಟು. ಎರಡು ತಿಂಗಳಾಗದ ಮರಿ ಮಾರುವುದನ್ನು 2017ರ ನಾಯಿ ತಳಿ ಸಾಕಣೆ ನಿಯಮ ತಡೆಯುತ್ತದೆ. ಒಡಹುಟ್ಟಿದವರ ಜೊತೆ ಕಚ್ಚಾಡಿ ಎಷ್ಟು ಕಚ್ಚಿದರೆ ಹೆಚ್ಚು ಎಂದು ಕಲಿಯುವ ವಯಸ್ಸು ಅದು.

ಹೊಡೆದರೆ ಏನಾಗುತ್ತದೆ

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು 2009ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ತಮ್ಮ ನಾಯಿಗೆ ಹೊಡೆದ ಅಥವಾ ಒದ್ದವರ ಪೈಕಿ ನೂರಕ್ಕೆ 43 ಮಂದಿ ಅದರಿಂದ ನಾಯಿ ಆಕ್ರಮಣಕ್ಕಿಳಿಯಿತು ಎಂದರು. ಅಂಗಾತ ಕೆಡವಿ ಒತ್ತಿಹಿಡಿದವರಲ್ಲಿ 31. ಪೇಪರ್ ಸುತ್ತಿ ಬಾರಿಸುವುದು, ಮೂತಿ ಅದುಮುವುದು, ಮುಖಕ್ಕೆ ನೀರು ಚಿಮ್ಮಿಸುವುದು ಎಲ್ಲ ಇದೇ ಜಾತಿಯವು. ಒಬ್ಬರು ಮುದ್ದಿನಿಂದ ಮಡಿಲಿಗೆ ಹಾಕಿಕೊಂಡು ಇನ್ನೊಬ್ಬರು ಗದರುವ ಮನೆಯಲ್ಲಂತೂ ನಾಯಿಗೆ ಯಾವ ನಿಯಮವೂ ಅರ್ಥವಾಗುವುದಿಲ್ಲ. ಮನೆಮಂದಿಯೆಲ್ಲ ಒಂದೇ ಮಾತು, ಒಂದೇ ಕ್ರಮ, ಅಜ್ಜಿಗೂ ‘ಎತ್ಲಾ?’ ಕಲಿಸಿ.

ಯಾರ ನೆರವು, ಯಾವ ಮದ್ದು

ಟ್ರೇನರ್ ಆರಿಸುವಾಗ ಒಂದೇ ಪ್ರಶ್ನೆ ಸಾಕು: ನಾಯಿ ತಪ್ಪು ಮಾಡಿದಾಗ ನೀವೇನು ಮಾಡುತ್ತೀರಿ? ‘ದೂರ ಹೆಚ್ಚಿಸಿ ಸುಲಭ ಮಾಡುತ್ತೇವೆ’ ಎಂದರೆ ಕೂರಿಸಿಕೊಳ್ಳಿ. ‘ಹದಿನೈದು ದಿನ ನಮ್ಮಲ್ಲಿ ಬಿಡಿ, ಗ್ಯಾರಂಟಿ’ ಎಂದರೆ ಕಾಫಿ ಕೊಟ್ಟು ಕಳಿಸಿ. ಕಚ್ಚುವುದು ನಿಮ್ಮ ಸೋಫಾದಲ್ಲಿ, ಅವರ ಶೆಡ್ಡಿನಲ್ಲಲ್ಲ. ಸಂತಾನಹರಣ ಮಾಡಿಸಿದರೆ ಭಯದ ಕಡಿತ ನಿಲ್ಲುವುದಿಲ್ಲ. ಅದನ್ನು ಮಾಡಿಸಲು ಬೇರೆ ಒಳ್ಳೆಯ ಕಾರಣಗಳಿವೆ. ತೀರಾ ಹೆದರುವ ನಾಯಿಗೆ ಪಶುವೈದ್ಯರು ಆತಂಕ ತಗ್ಗಿಸುವ ಫ್ಲುವಾಕ್ಸೆಟಿನ್‌ನಂಥ ಮಾತ್ರೆ ಬರೆಯಬಹುದು. ಅದರ ಪರಿಣಾಮ ಕಾಣಲು ನಾಲ್ಕರಿಂದ ಆರು ವಾರ ಬೇಕು, ನಡುವೆ ಥಟ್ಟನೆ ನಿಲ್ಲಿಸಬಾರದು, ಪಾಠ ಜೊತೆಗೆ ನಡೆಯುತ್ತಿರಬೇಕು.

ಕಾನೂನಿನ ಮಾತೂ ತಿಳಿದಿರಲಿ. ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ನಾಯಿಯ ತೂಕ ಎಷ್ಟೆಂದು ಅದು ಕೇಳುವುದಿಲ್ಲ.

ಎಷ್ಟು ದಿನ?

ಒಂದು ಸಂದರ್ಭ ಹದಕ್ಕೆ ಬರಲು ಆರರಿಂದ ಎಂಟು ವಾರ ಇಟ್ಟುಕೊಳ್ಳಿ. ಮೂರನೇ ವಾರದ ಹೊತ್ತಿಗೆ ಒಂದು ಒಳ್ಳೆಯ ದಿನ ಬಂದು ‘ಸರಿಹೋಯ್ತು’ ಎನ್ನಿಸುತ್ತದೆ, ಗೇಟು ತೆಗೆದುಬಿಡುತ್ತೀರಿ, ಮಾರನೆಯ ದಿನ ಕಚ್ಚುತ್ತದೆ. ನೋಟ್‌ಬುಕ್ಕಿನಲ್ಲಿ ಆರು ವಾರ ಗುರ್ ಕೂಡ ಇಲ್ಲದಿದ್ದರೆ ಮಾತ್ರ ಒಂದೊಂದಾಗಿ ಸಡಿಲಿಸಿ. ದೀಪಾವಳಿಯ ವಾರದಲ್ಲಿ ಕಲಿತದ್ದೆಲ್ಲ ಅಲುಗಾಡುತ್ತದೆ, ಪಟಾಕಿಗೆ ಬೆದರಿದ ನಾಯಿ ಮುಟ್ಟಿದವರನ್ನು ಕಚ್ಚುತ್ತದೆ. ಹಬ್ಬಕ್ಕೆ ಒಂದು ತಿಂಗಳಿರುವಾಗಲೇ ಪಶುವೈದ್ಯರ ಬಳಿ ಮಾತಾಡಿ. ಆ ಮೂರು ದಿನ ಹೊಸ ಪಾಠ ಬೇಡ, ಕಿಟಕಿ ಮುಚ್ಚಿದ ಒಳಕೋಣೆ, ಓಡುತ್ತಿರುವ ಫ್ಯಾನು, ಹಾಸಿಗೆಯ ಕೆಳಗೆ ನುಸುಳಲು ಜಾಗ ಸಾಕು. ಅಲ್ಲಿಂದ ಅದನ್ನು ಎಳೆಯಬೇಡಿ.